ಕೆಳಗಿನಮ್ಮ ಕಾದ ಮಗು

ಮುಂಬಾಗಿಲಿನ ಹಿತ್ತಾಳೆ ಕಿಂಡಿಯಿಂದ ಪೋಸ್ಟ್‌ಮ್ಯಾನ್ ಕಾಗದಗಳನ್ನು ಒಳಕ್ಕೆ ತಳ್ಳಿದ ಮೇಲೆ ಕಿಂಡಿಯ ಮುಚ್ಚಳ ಟಪ್ ಎಂದು ಬೀಳುತ್ತಿತ್ತು. ಅದರ ಬೆನ್ನಿಗೇ ಕೆಳಗಿನ ಅಡುಗೆಮನೆಯಿಂದ ಓಡಿಬರುವ ಚಪ್ಪಲಿಯ ಪಟಪಟ ಸದ್ದು. ಆಮೇಲೆ ಒಂದಿಷ್ಟು ಹೊತ್ತು ಸದ್ದಿಲ್ಲ. ಆಮೇಲೆ ಅದೇ ಚಪ್ಪಲಿ ನಿಧಾನಕ್ಕೆ ಅಡುಗೆಮನೆಗೆ ಹಿಂದಿರುಗುತ್ತಿತ್ತು. ಮೂರು ವರ್ಷಕ್ಕೂ ಹೆಚ್ಚು ಕಾಲ ಮೇಲಿನ ಮನೆಯಲ್ಲಿ ಕೂತು ನಾನು ಈ ಸದ್ದುಗಳನ್ನು ಕೇಳಿದ್ದೇನೆ. ಕಾಗದ ಇಂಡಿಯಾದಿಂದ ಬಂದಿದೆಯೋ ಇಲ್ಲವೋ ಎನ್ನುವುದು ಚಪ್ಪಲಿ ಹಿಂದಿರುಗುವ ರೀತಿಯಲ್ಲೇ ಗೊತ್ತಾಗಿಬಿಡುತ್ತಿತ್ತು.

ಅದು ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಲ್ಲಿದ್ದ ಟೂ-ಫ್ಯಾಮಿಲಿ ಹೌಸು. ಅರವತ್ತರ ದಶಕ ಮುಗಿಯುತ್ತಿದ್ದಾಗ ನಮ್ಮವರಿಗೆ ಅಲ್ಲಿಗೆ ಹತ್ತಿರದ ಕೆಮಿಕಲ್ ಪ್ಲಾಂಟ್‌ನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿ, ಮದುವೆಯಾದ ಹೊಸತರಲ್ಲಿ ನಾನೂ ಬಂದೆ. ಮೇಲೆ ನಾವು ಬಾಡಿಗೆಗೆ, ಕೆಳಗೆ ಮನೆಯ ಮಾಲೀಕರು. ನಲವತ್ತರ ಹತ್ತಿರದ ಗಂಡ ಹೆಂಡತಿ, ಮಕ್ಕಳಿಲ್ಲ. ಆಕೆಯನ್ನು ಎದುರಿಗೆ ನಾನು ಮಿಸೆಸ್ ಎಂದು ಸರ್‌ನೇಮ್ ಸೇರಿಸಿಯೇ ಕರೆಯುತ್ತಿದ್ದೆ. ಕಾನ್ವೆಂಟ್‌ನಲ್ಲಿ ಕಲಿತ ಮ್ಯಾನರ್ಸು ಅಷ್ಟು ಬೇಗ ಬಿಡುವುದಿಲ್ಲ. ಮನೆಯೊಳಗೆ ನಮ್ಮಿಬ್ಬರ ಮಾತಿನಲ್ಲಿ ಮಾತ್ರ ಆಕೆ ‘ಕೆಳಗಿನಮ್ಮ’. ‘ಕೆಳಗಿನಮ್ಮ ಹಿಮ ತೆಗೀತಾ ಇದ್ದಾರೆ, ಹೋಗಿ ಹೆಲ್ಪ್ ಮಾಡ್ರೀ’ ಎಂದರೆ ನಮ್ಮವರು ಕೋಟು ಹಾಕಿಕೊಂಡು ಇಳಿಯುತ್ತಿದ್ದರು.

ಒಂದು ಮಧ್ಯಾಹ್ನ ಕೆಳಗಿನಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದರು. ಕೈಯಲ್ಲೊಂದು ಫೋಟೊ.

‘ಹನಿ, ನೀನು ಮೈಸೂರಿನವಳಲ್ವಾ?’

ಬೆಂಗಳೂರು ಎಂದೆ. ಆಗ ನಮ್ಮ ರಾಜ್ಯದ ಹೆಸರೂ ಮೈಸೂರೇ ಆಗಿದ್ದರಿಂದ ಅದೂ ಸರಿಯೇ, ಇದೂ ಸರಿಯೇ ಎಂದು ವಿವರಿಸಿದೆ. ಆಕೆಗೆ ಆ ವಿವರ ಬೇಕಿರಲಿಲ್ಲ. ಫೋಟೊವನ್ನು ನನ್ನ ಕೈಗಿತ್ತರು. ಅಲ್ಯುಮಿನಿಯಂ ಟಬ್ಬಿನಲ್ಲಿ ಕೂತ ಒಂದು ವರ್ಷದ ಹೆಣ್ಣುಮಗು. ಮೈಮೇಲೆ ಸೋಪಿನ ನೊರೆ, ಮುಖದಲ್ಲಿ ಎಲ್ಲರ ಮೇಲೂ ಸಿಟ್ಟು.

ಅವರ ಚರ್ಚ್‌ಗೆ ಮೈಸೂರಿನ ಒಂದು ಅನಾಥಾಲಯದ ಸಿಸ್ಟರ್ ಬಂದು ಸ್ಲೈಡ್ ಶೋ ತೋರಿಸಿದ್ದರಂತೆ. ಎಷ್ಟೋ ಮಕ್ಕಳ ನಡುವೆ ಈ ಮಗು. ಕಾರಿನಲ್ಲಿ ಮನೆಗೆ ಬರುವಾಗ ರಿಫೈನರಿಯಲ್ಲಿ ಕೆಲಸ ಮಾಡುವ, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನಿಸುವ ಆಕೆಯ ಗಂಡ, ‘ಆ ಟಬ್ಬಿನಲ್ಲಿದ್ದವಳು’ ಎಂದರಂತೆ. ಆಕೆ ‘ಯೆಸ್’ ಎಂದರಂತೆ. ಅಲ್ಲಿಗೆ ಮಾತು ಮುಗಿಯಿತು. ಕೈಗೂಡದೆ ಹೋದ ಬಸಿರುಗಳ ಬಗ್ಗೆ ಆಕೆ ನನಗೆ ಹೇಳಿದ್ದು ಆ ದಿನವೇ, ಅದೂ ಒಂದೇ ವಾಕ್ಯದಲ್ಲಿ. ಉಳಿದ ಹೊತ್ತೆಲ್ಲ ಮೈಸೂರಿನಲ್ಲಿ ಚಳಿ ಇರುತ್ತದೆಯೇ, ಮಕ್ಕಳಿಗೆ ಸ್ವೆಟರ್ ಹಾಕುತ್ತಾರೆಯೇ ಎಂಬ ವಿಚಾರಣೆ.

ದತ್ತು ಎಂದರೆ ಸೋದರನ ಮಗನನ್ನೋ ಅಕ್ಕನ ಮಗಳನ್ನೋ ಮಡಿಲಿಗೆ ಹಾಕಿಸಿಕೊಳ್ಳುವುದು ಎಂದಷ್ಟೇ ಗೊತ್ತಿದ್ದ ನನಗೆ, ಸಮುದ್ರದಾಚೆಯ ಮಗುವನ್ನು ಫೋಟೊ ನೋಡಿ ‘ನಮ್ಮದು’ ಎನ್ನುವುದು ದೊಡ್ಡ ಸೋಜಿಗ. ಅದಕ್ಕಿಂತ ಸೋಜಿಗ ಮುಂದಿನ ಕಾಯುವಿಕೆ. ಇಲ್ಲಿಯ ಏಜೆನ್ಸಿ ಒಪ್ಪಬೇಕು, ಅಲ್ಲಿಯ ಕೋರ್ಟು ಇವರನ್ನು ಗಾರ್ಡಿಯನ್ ಎಂದು ಮಾಡಬೇಕು, ಮಗುವಿಗೆ ಪಾಸ್‌ಪೋರ್ಟ್ ಆಗಬೇಕು, ವೀಸಾ ಆಗಬೇಕು. ಒಂದು ಕಡೆ ಹೂಂ ಎನ್ನುವಷ್ಟರಲ್ಲಿ ಇನ್ನೊಂದು ಕಡೆ ರಜೆ.

ಏಜೆನ್ಸಿಯ ಸೋಶಿಯಲ್ ವರ್ಕರ್ ಮನೆ ನೋಡಲು ಬಂದಾಗ ಮೇಲಿನವರ ಅಭಿಪ್ರಾಯವೂ ಇರಲಿ ಎಂದು ನಮ್ಮಲ್ಲಿಗೂ ಬಂದರು. ಗ್ಲೌಸ್ ಬಿಚ್ಚುತ್ತಾ, ‘ಅವರಿಬ್ಬರು ಜಗಳ ಆಡುತ್ತಾರೆಯೇ?’ ಎಂದು ಕೇಳಿದರು. ಸುಳ್ಳು ಹೇಳಬಾರದೆಂದು ಮದರ್ ಸುಪೀರಿಯರ್ ಕೈಯಲ್ಲಿ ರೂಲರ್ ಹಿಡಿದು ಕಲಿಸಿದ್ದರು. ‘ಆಡುತ್ತಾರೆ. ಟೀವಿ ಚಾನೆಲ್ ಬದಲಾಯಿಸುವುದಕ್ಕೆ’ ಎಂದೆ. ಆಕೆ ನಕ್ಕು ಬರೆದುಕೊಂಡರು. ಇದನ್ನು ಕೇಳಿ ಕೆಳಗಿನಮ್ಮ ವಾರವಿಡೀ ಗಂಡ ಹೇಳಿದ ಚಾನೆಲ್ಲನ್ನೇ ನೋಡಿದರು.

ಆ ಮನೆಯ ಹಿಂಬದಿಯ ಪುಟ್ಟ ರೂಮು ಮಗುವಿಗೆಂದು ಗೊತ್ತಾಗಿತ್ತು. ಮೊದಲು ಅಲ್ಲಿ ಸುತ್ತ ಕಟಕಟೆಯಿರುವ ಕ್ರಿಬ್ ಬಂತು. ಅಕ್ಟೋಬರ್‌ನಲ್ಲಿ ಒಂದು ಕೆಂಪು ಚಳಿಗಾಲದ ಕೋಟು ಬಂತು, ಎರಡು ವರ್ಷದ ಮಗುವಿನ ಅಳತೆಯದು. ಆ ಚಳಿಗಾಲ ಮಗು ಬರಲಿಲ್ಲ. ಮುಂದಿನ ಅಕ್ಟೋಬರ್‌ನಲ್ಲಿ ಕೆಳಗಿನಮ್ಮ ಆ ಕೋಟನ್ನು ಟ್ಯಾಗೂ ತೆಗೆಯದೆ ಚರ್ಚ್‌ಗೆ ಕೊಟ್ಟು, ಒಂದು ಸೈಜು ದೊಡ್ಡದನ್ನು ತಂದು ತೂಗುಹಾಕಿದರು. ಅಳಲಿಲ್ಲ, ಗೊಣಗಲಿಲ್ಲ. ‘ಬೆಳೀತಿದ್ದಾಳೆ’ ಎಂದರು ಅಷ್ಟೇ. ಗಂಡ ಕ್ರಿಬ್ಬಿನ ಕಟಕಟೆ ಬಿಚ್ಚಿ, ಕಾಲು ಜೋಡಿಸಿ, ಮಂಚ ಮಾಡಿಟ್ಟರು.

ಈ ನಡುವೆ ನಾನು ಬಸುರಿಯಾದೆ. ಕೆಳಗಿನಮ್ಮ ಹುಟ್ಟುವ ಮಗುವಿಗೆ ಉಡುಗೊರೆ ಕೊಡುವ ಬೇಬಿ ಶವರ್ ಮಾಡಬೇಕೆಂದು ಹೊರಟರು. ನಾನು ಸಂಕೋಚದಿಂದ, ‘ನಮ್ಮಲ್ಲಿ ಮಗು ಹುಟ್ಟೋಕೆ ಮುಂಚೆ ತೊಟ್ಟಿಲು, ಬಟ್ಟೆ ಏನೂ ತರಲ್ಲ. ಒಳ್ಳೇದಲ್ಲ ಅಂತಾರೆ’ ಎಂದೆ. ಆಕೆ ಹಿಂದಿನ ರೂಮಿನ ಕಡೆ ತಿರುಗಿ ನೋಡಿದರು. ನಾನಾಡಿದ ಮಾತು ಎಲ್ಲಿ ಹೋಗಿ ತಗುಲಿತೆಂದು ನನಗೆ ಆಗ ಹೊಳೆಯಿತು.

‘ನನಗೆ ಆ ರೂಲ್ ಇಲ್ಲ ಬಿಡು’ ಎಂದರು, ನನ್ನ ಗಲ್ಲ ಮುಟ್ಟಿ. ‘ನನ್ನ ಮಗು ಆಗಲೇ ಹುಟ್ಟಿದೆ.’

ನನ್ನ ಮಗ ಹುಟ್ಟಿದ. ತಾಯಿ, ಅತ್ತೆ ಯಾರೂ ಇಲ್ಲದ ಊರಿನಲ್ಲಿ ಅವನಿಗೆ ಬೆನ್ನು ತಟ್ಟಿ ತೇಗು ಬರಿಸಿದ್ದು, ನನಗೆ ಚಿಕನ್ ಇಲ್ಲದ ಸೂಪು ಕುಡಿಸಿದ್ದು ಕೆಳಗಿನಮ್ಮನೇ. ನನ್ನ ಮಗನನ್ನು ಎತ್ತಿಕೊಂಡು ನಿಂತ ಆಕೆಯ ಮುಖದಲ್ಲಿ ಹೊಟ್ಟೆಕಿಚ್ಚಿನ ನೆರಳು ಕಂಡೀತೇ ಎಂದು ನಾನು ನೋಡಿದ್ದುಂಟು. ಒಂದು ದಿನವೂ ಕಾಣಲಿಲ್ಲ.

ಏಜೆನ್ಸಿ ಒಪ್ಪಿ, ಇನ್ನೇನು ಕೋರ್ಟಿನ ಆರ್ಡರ್ ಬರಬೇಕು ಎನ್ನುವಾಗ ಮೈಸೂರಿನ ಸಿಸ್ಟರ್‌ರಿಂದ ಕಾಗದ ಬಂತು. ಆ ದಿನ ಕೆಳಗೆ ಚಪ್ಪಲಿ ಹಿಂದಿರುಗಲೇ ಇಲ್ಲ. ಇಳಿದು ಹೋಗಿ ನೋಡಿದರೆ ಕೆಳಗಿನಮ್ಮ ಬಾಗಿಲ ಬಳಿಯೇ ನೆಲದ ಮೇಲೆ ಕೂತಿದ್ದರು.

ಮಗುವಿಗೆ ಅಜ್ಜಿ ಇದ್ದಾಳೆ. ತಾಯಿಯ ತಾಯಿ. ಮಗಳು ಸತ್ತಾಗ ಕೂಸನ್ನು ಸಾಕಲಾರದೆ ಸಿಸ್ಟರ್‌ಗಳ ಕೈಗೆ ಕೊಟ್ಟವಳು ಅವಳೇ. ಈಗ ಒಪ್ಪಿಗೆಯ ಹೆಬ್ಬೆಟ್ಟು ಒತ್ತಬೇಕೆನ್ನುವಾಗ ಹಿಂದೆಗೆದಿದ್ದಾಳೆ. ಮಗುವನ್ನು ಮನೆಗೆ ಕರೆದುಕೊಂಡು ಹೋಗುವ ಶಕ್ತಿ ಅವಳಿಗಿಲ್ಲ. ಕಳಿಸಲು ಮನಸ್ಸೂ ಇಲ್ಲ. ಅವಳು ಕೇಳುವುದು ಒಂದೇ ಮಾತು ಎಂದು ಸಿಸ್ಟರ್ ಇಂಗ್ಲಿಷಿನಲ್ಲಿ ಬರೆದಿದ್ದರು. ನನ್ನ ಕಿವಿಗೆ ಮಾತ್ರ ಅದು ಮೈಸೂರು ಸೀಮೆಯ ಮುದುಕಿಯ ಬಾಯಲ್ಲೇ ಕೇಳಿಸಿತು: ‘ಅಲ್ಲಿ ನಮ್ಮ ಮಗೀಗೆ ಉಣ್ಣಕ್ಕೆ ಏನಿಕ್ತಾರವ್ವಾ?’

ನಾನಾಗಿದ್ದರೆ ಏನು ಮಾಡುತ್ತಿದ್ದೆನೋ. ಸಿಸ್ಟರ್‌ಗೆ ಹೇಳಿ ಹೇಗಾದರೂ ಒಪ್ಪಿಸಿ ಎನ್ನುತ್ತಿದ್ದೆನೇನೋ. ಕೆಳಗಿನಮ್ಮ ಎದ್ದು, ಮುಖ ತೊಳೆದು ಬಂದು, ಮೇಜಿನ ಮುಂದೆ ಕೂತರು.

‘ಒಳ್ಳೆ ಪ್ರಶ್ನೆ ಕೇಳಿದ್ದಾಳೆ. ಯಾರೂ ಕೇಳಲಿಲ್ಲ ನೋಡು ಇದನ್ನ. ಏಜೆನ್ಸಿಯವರು ನಮ್ಮ ಬೆಡ್‌ರೂಮಿಗೆ ಎಷ್ಟು ಕಿಟಕಿ ಅಂತ ಕೇಳಿದರು. ಇವಳೊಬ್ಬಳೇ ಊಟ ಕೇಳಿದ್ದು.’

‘ಹಾಲು, ಬ್ರೆಡ್ಡು, ಮೊಟ್ಟೆ ಎಲ್ಲ ಕೊಡ್ತೀವಿ ಅಂತ ಬರೆಯೋಣವಾ?’ ಎಂದೆ.

‘ಅಲ್ಲ. ಅವಳು ಏನು ಹಾಕ್ತಿದ್ದಳೋ ಅದನ್ನ ಹಾಕ್ತೀವಿ ಅಂತ ಬರಿ. ನನಗೆ ಕಲಿಸು.’

‘ಅಜ್ಜಿ ಒಪ್ಪದೇ ಹೋದರೆ?’

‘ಒಪ್ಪದಿದ್ದರೆ ಆ ಮಗು ಅವಳದ್ದು. ನಾನು ಕಸಿದುಕೊಂಡು ತಾಯಿ ಆಗಲ್ಲ.’ ಹೇಳಿ, ಪೆನ್ನನ್ನು ನನ್ನ ಮುಂದೆ ಸರಿಸಿದರು.

ನಾನು ಕನ್ನಡದಲ್ಲಿ ಕಾಗದ ಬರೆದೆ, ಸಿಸ್ಟರ್ ಅಜ್ಜಿಗೆ ಓದಿ ಹೇಳಲಿ ಎಂದು. ನಮ್ಮವರು ಪಕ್ಕದಲ್ಲಿ ನಿಂತು, ‘ಅವರ ಕಡೆ ಮುದ್ದೆ ಉಣ್ತಾರೆ ಕಣೇ’ ಎಂದು ನೆನಪಿಸಿದರು. ಆಗಿನ ನ್ಯೂಜೆರ್ಸಿಯಲ್ಲಿ ರಾಗಿ ಎಲ್ಲಿಂದ ತರುವುದು? ‘ಅನ್ನ ಸಾರು ಇಕ್ಕುತ್ತಾರೆ, ಮೊಸರು ಇಕ್ಕುತ್ತಾರೆ, ನಾನು ಇದೇ ಮನೆಯ ಮೇಲೆ ಇದ್ದೇನೆ, ನೋಡಿಕೊಳ್ಳುತ್ತೇನೆ’ ಎಂದು ಬರೆದೆ.

ಮರುದಿನದಿಂದಲೇ ಕೆಳಗಿನ ಅಡುಗೆಮನೆಯಲ್ಲಿ ನನ್ನ ಕ್ಲಾಸು. ತೊಗರಿಬೇಳೆ ಮ್ಯಾನ್‌ಹ್ಯಾಟನ್‌ನ ಲೆಕ್ಸಿಂಗ್ಟನ್ ಅವೆನ್ಯೂವಿನ ಅಂಗಡಿಯದು, ಹುಣಿಸೆಹಣ್ಣು ಪರ್ತ್ ಅಂಬಾಯ್‌ನ ಪೋರ್ಟೊರಿಕೋದವರ ಅಂಗಡಿಯದು, ಸಾರಿನ ಪುಡಿ ನಮ್ಮಮ್ಮ ಕಳಿಸಿದ್ದು. ಒಗ್ಗರಣೆಯ ಸಾಸಿವೆ ಸಿಡಿದಾಗ ಆಕೆ ಮೊದಮೊದಲು ಪಾತ್ರೆಯ ಮುಚ್ಚಳವನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಇಂಗಿನ ಡಬ್ಬಿ ತೆರೆದ ದಿನ, ‘ಗ್ಯಾಸ್ ಲೀಕ್ ಆಗ್ತಿದೆಯಾ?’ ಎಂದು ಗಂಡ ಒಲೆಯ ಹಿಂದೆಲ್ಲ ಹುಡುಕಿದರು. ನಾನು ಹುಟ್ಟಿದ ಮನೆಯಲ್ಲಿ ಹೇಗೋ ಹಾಗೆಯೇ ಎಲ್ಲವನ್ನೂ ಕಲಿಸಿದೆ: ಹೆಸರುಬೇಳೆ ತೊವ್ವೆ, ಟೊಮ್ಯಾಟೊ ಸಾರು, ಮೆತ್ತಗೆ ಕಲಸಿದ ಮೊಸರನ್ನ, ಮೇಲೊಂದಿಷ್ಟು ತುಪ್ಪ. ಆ ಮಿತಭಾಷಿ ಗಂಡ ರಿಫೈನರಿಯಿಂದ ಬಂದು ದಿನಾ ಅದನ್ನು ಉಂಡರು.

‘ಇದು ಸೂಪಾ, ಪನಿಶ್‌ಮೆಂಟಾ?’ ಎಂದು ಕೇಳಿದರಂತೆ ಒಂದು ದಿನ.

‘ಹೋಮ್‌ವರ್ಕ್’ ಎಂದರಂತೆ ಕೆಳಗಿನಮ್ಮ.

ಅಜ್ಜಿ ಆ ಮಳೆಗಾಲ ಕಳೆಯುವವರೆಗೂ ಏನೂ ಹೇಳಲಿಲ್ಲ. ಕೆಳಗಿನಮ್ಮ ಒಂದು ಕಾಗದದಲ್ಲೂ ಅವಸರ ಮಾಡಲಿಲ್ಲ. ಮೂರನೆಯ ಕೋಟು ತಂದು ತೂಗುಹಾಕಿದರು. ಸಿಸ್ಟರ್ ಬರೆದರು, ಅಜ್ಜಿ ಕಾಗದವನ್ನು ಮೂರು ಸಲ ಓದಿಸಿಕೊಂಡಳು, ಆಮೇಲೆ ಹೆಬ್ಬೆಟ್ಟು ಒತ್ತಿದಳು ಎಂದು. ಆ ದಿನ ಕೆಳಗಿನಮ್ಮ ಮೆಟ್ಟಿಲನ್ನು ಎರಡೆರಡಾಗಿ ಹಾರಿ ನಮ್ಮ ಮನೆಗೆ ಬಂದರು. ಆದರೆ ಸಂತೋಷ ಪಡುವುದಕ್ಕೂ ಆಕೆಗೆ ಸಂಕೋಚ. ‘ಇವತ್ತು ಅವಳ ಮನೇಲಿ ಒಲೆ ಉರಿಯಿತೋ ಇಲ್ಲವೋ’ ಎಂದರು.

ಮತ್ತೆ ಪಾಸ್‌ಪೋರ್ಟು, ವೀಸಾ ಎಂದು ತಿಂಗಳುಗಳು ಉರುಳಿದವು. ಕೊನೆಗೊಂದು ಶನಿವಾರ ಕೆನಡಿ ಏರ್‌ಪೋರ್ಟಿಗೆ ನಾವೆಲ್ಲ ಹೋದೆವು. ಸಿಸ್ಟರ್ ಒಬ್ಬರ ಬೆರಳು ಹಿಡಿದು ಬಂದಳು ಪುಟ್ಟಿ. ನಾಲ್ಕು ವರ್ಷ ದಾಟಿದ್ದಳು. ಬೋಳಿಸಿ ಚಿಗುರಿದ ತಲೆ, ಕಾಲಿಗೆ ದೊಡ್ಡದಾದ ಬೂಟು, ಅದೇ ಟಬ್ಬಿನ ಸಿಟ್ಟು. ಕೆಳಗಿನಮ್ಮ ನೆಲದ ಮೇಲೆ ಮಂಡಿಯೂರಿ, ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಕನ್ನಡದಲ್ಲಿ, ‘ಬಾ ಪುಟ್ಟಿ, ಹಸಿವಾ?’ ಎಂದರು. ಪುಟ್ಟಿ ಆಕೆಯ ಮುಖವನ್ನು ನೋಡಿದಳು, ನನ್ನ ಸೀರೆಯನ್ನು ನೋಡಿದಳು, ನನ್ನ ಸೀರೆಯ ಹಿಂದೆ ಬಂದು ನಿಂತಳು. ಕೆಳಗಿನಮ್ಮ ಎದ್ದು, ಕೋಟನ್ನು ನನ್ನ ಕೈಗೆ ಕೊಟ್ಟು, ‘ನೀನೇ ಹಾಕು, ಚಳಿ ಇದೆ’ ಎಂದರು.

ಮನೆಯಲ್ಲಿ ತೊವ್ವೆ, ಅನ್ನ, ಸಾರು ಎಲ್ಲ ಸಿದ್ಧವಾಗಿತ್ತು. ಪುಟ್ಟಿ ಮುಟ್ಟಲಿಲ್ಲ. ಪ್ರಯಾಣದ ಆಯಾಸ ಎಂದುಕೊಂಡೆವು. ಮರುದಿನವೂ ಮುಟ್ಟಲಿಲ್ಲ. ಹಾಲು ಕುಡಿಯುತ್ತಿದ್ದಳು, ಅಷ್ಟೇ. ಮೊಸರನ್ನ ಬಾಯಿಗಿಟ್ಟರೆ ನಾಲಗೆಯಿಂದ ಹೊರಕ್ಕೆ ದೂಡುತ್ತಿದ್ದಳು. ಬ್ರೆಡ್ಡು, ಮೊಟ್ಟೆ, ಬಾಳೆಹಣ್ಣು ಯಾವುದೂ ಬೇಡ. ಕೂತಲ್ಲೇ ಗೋಡೆಗೆ ಮುಖ ಮಾಡುತ್ತಿದ್ದಳು. ವಾರ ತುಂಬುವಷ್ಟರಲ್ಲಿ ಕೆನ್ನೆ ಒಳಕ್ಕೆ ಹೋಯಿತು. ಡಾಕ್ಟರು, ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕು ಎಂದರು.

ದತ್ತು ಇನ್ನೂ ಕಾನೂನಿನ ಪ್ರಕಾರ ಪೂರ್ತಿಯಾಗಿರಲಿಲ್ಲ. ಮಗು ಮನೆಯಲ್ಲಿ ಹೊಂದಿಕೊಂಡಿದೆಯೇ ಎಂದು ಸೋಶಿಯಲ್ ವರ್ಕರ್ ಬಂದು ನೋಡುವುದಿತ್ತು. ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಕೆಳಗಿನಮ್ಮ, ‘ಇವಳು ನಮ್ಮಲ್ಲಿ ಬಾಳಲ್ಲ ಅಂತ ಅವರು ಬರೆದರೆ? ನನಗೆ ಅದೂ ಭಯ ಅಲ್ಲ ಈಗ’ ಎಂದರು. ‘ನಾನು ಆ ಅಜ್ಜಿಗೆ ಮಾತು ಕೊಟ್ಟೆ. ನಿನ್ನ ಕೈಯಲ್ಲಿ ಬರೆಸಿದೆ. ಅನ್ನ ಹಾಕ್ತೀನಿ ಅಂತ.’ ಇಷ್ಟು ವರ್ಷಗಳಲ್ಲಿ ಆಕೆ ಅತ್ತಿದ್ದನ್ನು ನಾನು ಕಂಡಿದ್ದು ಅವತ್ತೊಂದೇ.

ನಾನು ಒಳಗೆ ಹೋಗಿ ಪುಟ್ಟಿಯ ಪಕ್ಕ ನೆಲದ ಮೇಲೆ ಕೂತೆ. ಹಾಡಿಲ್ಲ, ಕತೆಯಿಲ್ಲ, ನೇರವಾಗಿ ಕೇಳಿದೆ.

‘ನಿಂಗೆ ಏನು ಬೇಕು ಹೇಳೇ ಪುಟ್ಟಿ?’

ಗೋಡೆಗೇ ಉತ್ತರ. ‘ಉಪ್ಪಿಟ್ಟು.’

ನನಗೆ ಹೋದ ಜೀವ ಬಂದಂತಾಯಿತು. ಮೇಲೆ ಓಡಿ, ಇಲ್ಲಿಯ ರವೆಯಾದ ಕ್ರೀಮ್ ಆಫ್ ವೀಟ್‌ನಲ್ಲಿ ತುಪ್ಪ, ಗೋಡಂಬಿ, ನಿಂಬೆರಸ ಎಲ್ಲ ಹಾಕಿ ಘಮಘಮಿಸುವ ಉಪ್ಪಿಟ್ಟು ಮಾಡಿ ತಂದೆ. ಪುಟ್ಟಿ ತಟ್ಟೆ ನೋಡಿ ಅತ್ತೇಬಿಟ್ಟಳು.

‘ಇದಲ್ಲ! ಸಿಸ್ಟರ್ ಉಪ್ಪಿಟ್ಟು!’

‘ಅದು ಹೇಗಿರುತ್ತೆ ಮರಿ?’

‘ಹಳದಿ. ದಪ್ಪ. ಅಗೀಬೇಕು.’

ನಮ್ಮವರು ಆಫೀಸಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಜೋರಾಗಿ ನಕ್ಕುಬಿಟ್ಟರು. ನನಗೆ ಸಿಟ್ಟೇ ಬಂತು.

‘ನಗೋಂಥದ್ದು ಏನ್ರೀ ಇದೆ ಇದರಲ್ಲಿ?’

‘ನೀನು ಕಾನ್ವೆಂಟಿನವಳು, ನಿಂಗೆಲ್ಲಿ ಗೊತ್ತಾಗಬೇಕು! ಗೌರ್ಮೆಂಟ್ ಸ್ಕೂಲಿನ ಉಪ್ಪಿಟ್ಟು ಕಣೇ ಅದು. ನಮ್ಮೂರ ಸ್ಕೂಲಲ್ಲಿ ಕೊಡೋರು, ನನ್ನ ತಮ್ಮ ಟಿಫನ್ ಡಬ್ಬಿ ಮುಚ್ಚಳದಲ್ಲಿ ಮನೆಗೂ ತರೋನು. ಗೋಧಿ ನುಚ್ಚು. ಸ್ಕೂಲಿಗೆ, ಅನಾಥಾಲಯಕ್ಕೆ ಮೂಟೆ ಮೂಟೆ ಬರ್ತಿತ್ತು, ಹಾಲಿನ ಪುಡಿ, ಎಣ್ಣೆ ಡಬ್ಬದ ಜೊತೆ. ಎಲ್ಲಿಂದ ಬರ್ತಿತ್ತು ಗೊತ್ತಾ? ಇಲ್ಲಿಂದ! ಅಮೆರಿಕದಿಂದ!’

ಇದನ್ನು ನಾನು ಕೆಳಗಿನಮ್ಮನಿಗೆ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ನಾವಿಬ್ಬರೂ ಅಷ್ಟು ಆಸ್ಥೆಯಿಂದ ಮೈಸೂರಿನ ಊಟವನ್ನು ಆ ಅಡುಗೆಮನೆಗೆ ಇಳಿಸಿಟ್ಟಿದ್ದೆವು. ಮಗುವಾದರೋ ಬುದ್ಧಿ ತಿಳಿದಾಗಿನಿಂದ ಉಂಡಿದ್ದು ಅಮೆರಿಕದ ಹಡಗು ತಂದ ಗೋಧಿ. ತೊವ್ವೆ, ಸಾರುಗಳ ರುಚಿ ಅದಕ್ಕೆ ಗೊತ್ತಿರಲಿಲ್ಲ. ಅವು ನನ್ನ ಬಾಲ್ಯದವು.

‘ಆ ಗೋಧಿಗೆ ಇಲ್ಲಿ ಏನಂತಾರೆ?’ ಎಂದರು ಕೆಳಗಿನಮ್ಮ. ಅಷ್ಟೇ ಆಕೆ ಕೇಳಿದ್ದು.

ಉತ್ತರ ಕೊಟ್ಟವರು ಆಕೆಯ ಗಂಡ. ರಿಫೈನರಿಯಲ್ಲಿ ಅವರ ಜೊತೆ ಕೆಲಸ ಮಾಡುವ ಸಿರಿಯಾ ಕಡೆಯವನೊಬ್ಬ ಡಬ್ಬಿಯಲ್ಲಿ ಅಂಥದ್ದೇನೋ ತರುತ್ತಿದ್ದನಂತೆ. ಫೋನ್ ಮಾಡಿದರು. ಬಲ್ಗರ್ ಎಂದು ಹೆಸರು, ಪ್ಯಾಟರ್‌ಸನ್‌ನ ಅಂಗಡಿಗಳಲ್ಲಿ ಸಿಗುತ್ತದೆ ಎಂದು ತಿಳಿಯಿತು. ಕೋಟು ಹಾಕಿಕೊಂಡು ಅದೇ ಸಂಜೆ ಡ್ರೈವ್ ಮಾಡಿಕೊಂಡು ಹೋಗಿ, ಒಂದು ದೊಡ್ಡ ಚೀಲ ಹೊತ್ತುಕೊಂಡು ಬಂದರು.

ಗೋಡಂಬಿ ಬೇಡ, ತುಪ್ಪ ಬೇಡ, ನಿಂಬೆ ಬೇಡ ಎಂದು ನಮ್ಮವರು ಒಲೆಯ ಪಕ್ಕ ನಿಂತು ನಿರ್ದೇಶನ ಕೊಟ್ಟರು. ‘ಎಣ್ಣೆ, ಸಾಸಿವೆ, ಅರಿಶಿನ, ಉಪ್ಪು. ಸ್ಕೂಲಲ್ಲಿ ಈರುಳ್ಳಿನೂ ಹೆಸರಿಗಷ್ಟೇ.’ ಸೌಟು ನಾನು ಹಿಡಿಯಹೋದೆ. ಕೆಳಗಿನಮ್ಮ ಬಿಡಲಿಲ್ಲ. ತಳ ಹತ್ತಿ ಒಂಚೂರು ಸೀದುಹೋಯಿತು. ನಮ್ಮವರು, ‘ಹಾಂ, ಈಗ ಕರೆಕ್ಟ್ ಆಯ್ತು’ ಎಂದರು.

ಪುಟ್ಟಿ ತಟ್ಟೆಗೆ ಮುಖ ತಂದು ಮೂಸಿ ನೋಡಿದಳು. ಒಂದು ಉಂಡೆ ಕಟ್ಟಿ ಬಾಯಿಗೆ ಹಾಕಿಕೊಂಡಳು. ಅಗಿದಳು. ನಾವು ನಾಲ್ವರು ದೊಡ್ಡವರು ಆ ಪುಟ್ಟ ದವಡೆಯನ್ನು ನೋಡುತ್ತಾ ನಿಂತೆವು. ಇನ್ನೊಂದು ಉಂಡೆ. ತಟ್ಟೆ ಖಾಲಿಯಾದ ಮೇಲೆ, ಸೌಟು ಯಾರ ಕೈಯಲ್ಲಿತ್ತೋ ಅವರ ಕಡೆಗೆ ತಟ್ಟೆ ಚಾಚಿ, ‘ಇನ್ನೂ’ ಎಂದಳು. ಆ ಮಾತನ್ನು ನಾನು ಕೆಳಗಿನಮ್ಮನಿಗೆ ಕಲಿಸಿರಲಿಲ್ಲ. ಆಕೆ ಯಾರ ಕಡೆಯೂ ತಿರುಗಿ ಅರ್ಥ ಕೇಳದೆ ಬಡಿಸಿದರು.

ಆ ಚೀಲ ಮುಗಿದು ಇನ್ನೊಂದು ಚೀಲ ಬರುವ ಹೊತ್ತಿಗೆ ಪುಟ್ಟಿ ಮೊಟ್ಟೆ ತಿನ್ನುತ್ತಿದ್ದಳು, ನೂಡಲ್ಸ್ ತಿನ್ನುತ್ತಿದ್ದಳು, ನನ್ನ ಮಗನ ಪಾಲಿನ ಕುಕಿಯನ್ನೂ ತಿನ್ನುತ್ತಿದ್ದಳು. ಸಾರು ಮಾತ್ರ ಅವಳ ಅಪ್ಪನಿಗೇ ಉಳಿಯಿತು. ಅವರಿಗೆ ಅಷ್ಟರಲ್ಲಿ ಅದು ಅಭ್ಯಾಸವಾಗಿಹೋಗಿತ್ತು. ನಡೆದದ್ದನ್ನೆಲ್ಲ ಅಜ್ಜಿಗೆ ತಿಳಿಸಲೇಬೇಕೆಂದು ಕೆಳಗಿನಮ್ಮ ನನ್ನಿಂದ ಕಾಗದ ಬರೆಸಿದರು. ಕೇಳಿ ಅಜ್ಜಿ ಹಣೆ ಚಚ್ಚಿಕೊಂಡು ನಕ್ಕಳು ಎಂದು ಸಿಸ್ಟರ್ ಉತ್ತರಿಸಿದರು. ಈ ಸಲ ಅವಳ ಮಾತನ್ನು ಕನ್ನಡದಲ್ಲೇ ಬರೆದಿದ್ದರು: ‘ಅಯ್ಯೋ, ಅಷ್ಟು ದೂರ ಹೋಗಿಯೂ ಅದನ್ನೇ ತಿಂತಾಳಾ? ಏನಾದ್ರೂ ಒಳ್ಳೇದು ಇಕ್ಕೋಕೆ ಹೇಳಿ ಆಯಮ್ಮಂಗೆ!’

ದತ್ತು ಪೂರ್ತಿಯಾಯಿತು. ನಮ್ಮ ಕಾಲದ ಎಷ್ಟೋ ದೊಡ್ಡ ಮನುಷ್ಯರನ್ನು ನಾನು ಈ ದೇಶದಲ್ಲಿ ಕಂಡಿದ್ದೇನೆ, ಅವರ ಭಾಷಣ ಕೇಳಿದ್ದೇನೆ. ಮಗು ತಾನು ಅಂದುಕೊಂಡ ಹಾಗೆ ಇಲ್ಲ ಎಂದು ತಿಳಿದ ಸಂಜೆ, ತಿಂಗಳುಗಟ್ಟಲೆ ಕಲಿತ ಅಡುಗೆಯನ್ನು ಬದಿಗಿಟ್ಟು, ‘ಅದಕ್ಕೆ ಏನಂತಾರೆ’ ಎಂದು ಕೇಳಿದ ಆ ಹೆಂಗಸಿನ ಎತ್ತರ ನನಗೆ ಬೇರೆಲ್ಲೂ ಸಿಕ್ಕಲಿಲ್ಲ.

ಮುಂದೆ ನಾವು ಹಿಲ್ಸ್‌ಬರೋದಲ್ಲಿ ಸ್ವಂತ ಮನೆ ಕೊಂಡು ಹೋದೆವು. ಎಪ್ಪತ್ತರ ದಶಕದ ಕೊನೆಯಲ್ಲಿ ಕೆಳಗಿನಮ್ಮನ ಗಂಡನಿಗೆ ಟೆಕ್ಸಸ್‌ಗೆ ಟ್ರಾನ್ಸ್‌ಫರ್ ಆಯಿತು. ಹೊರಡುವ ದಿನ ವಿದಾಯ ಹೇಳಲು ನಾನೊಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಗಂಡ ಸಾಮಾನಿನ ಟ್ರಕ್ಕಿನೊಡನೆ ಆಗಲೇ ಹೊರಟಿದ್ದರು. ಕೆಳಗಿನಮ್ಮ ಸ್ಟೇಷನ್ ವ್ಯಾಗನ್ನಿನ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಮುಂಬಾಗಿಲಲ್ಲಿ ಹತ್ತು ವರ್ಷದ ಪುಟ್ಟಿ, ಉದ್ದ ಕೂದಲು, ಮಂಡಿಯ ಮೇಲೆ ಬ್ಯಾಂಡ್‌ಏಡು, ಮುಖ ಕೆಂಪು. ಗೆಳತಿಯರನ್ನು ಬಿಟ್ಟು ಬರುವುದಿಲ್ಲವಂತೆ.

‘ಐ ಆ್ಯಮ್ ನಾಟ್ ಗೋಯಿಂಗ್! ಯೂ ಕಾಂಟ್ ಮೇಕ್ ಮಿ!’

‘ಐ ಆ್ಯಮ್ ಯುವರ್ ಮದರ್. ಐ ಕ್ಯಾನ್. ಗೆಟ್ ಇನ್ ದ ಕಾರ್.’

ಹೇಳಿ, ನನ್ನ ಕಡೆ ತಿರುಗಿ ಕಣ್ಣು ಮೇಲಕ್ಕೆತ್ತಿ, ‘ನೋಡಿದೆಯಾ? ಮೂರು ದಿನ ಡ್ರೈವ್ ಇದೆ, ಇದನ್ನೇ ಕೇಳಬೇಕು’ ಎಂದು ಗೊಣಗಿದರು. ಪುಟ್ಟಿ ಧಡಧಡ ಇಳಿದು ಬಂದು ಹಿಂದಿನ ಸೀಟಿನಲ್ಲಿ ಕೂತು, ಬಾಗಿಲನ್ನು ರಪ್ಪೆಂದು ಮುಚ್ಚಿದಳು. ‘ಆಂಟಿಗೆ ಬೈ ಹೇಳು’ ಎಂದರೆ ಇನ್ನೊಂದು ಕಿಟಕಿಗೆ ಮುಖ ತಿರುಗಿಸಿದಳು.

ಕೆಳಗಿನಮ್ಮ ನನ್ನನ್ನು ಬಿಗಿಯಾಗಿ ತಬ್ಬಿಕೊಂಡರು. ಕಾರು ಹತ್ತಿದರು, ಸ್ಟಾರ್ಟ್ ಮಾಡಿದರು. ನಾನು ಫುಟ್‌ಪಾತಿನ ಮೇಲೆ ನಿಂತು ಕೈ ಬೀಸಿದೆ. ಆಕೆ ನೋಡಲಿಲ್ಲ. ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ಕೈಯಿಂದ ಮುಂದಿನ ಕನ್ನಡಿಯನ್ನು ಬಗ್ಗಿಸಿ ಬಗ್ಗಿಸಿ, ಹಿಂದಿನ ಸೀಟಿನವಳ ಮುಖ ಕಾಣುವ ಹಾಗೆ ಹೊಂದಿಸುತ್ತಿದ್ದರು. ಕಾರು ತಿರುವಿನಲ್ಲಿ ಮರೆಯಾಗುವಾಗಲೂ ಆ ಕೈ ಕನ್ನಡಿಯ ಮೇಲೆಯೇ ಇತ್ತು.